ಯಂತ್ರದ ಜಮಾಖರ್ಚು

ಯಂತ್ರವೆಂದೊಡನೆ ನಮ್ಮ ರೈತ ಬಾಂಧವರ ಕಣ್ಣ ಮುಂದೆ ಟ್ರ್ಯಾಕ್ಟರು, ಮೋಟಾರು, ಪಂಪು ಇವೇ ನಿಲ್ಲುತ್ತವೆ. ಆದರೆ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿರುವ ಹಾರೆಯೂ ಯಂತ್ರವೇ. ಬಾವಿಯ ರಾಟೆ, ಕಟ್ಟಿಗೆ ಸೀಳುವ ಬೆಣೆ, ಲಾರಿಗೆ ಆನಿಸಿದ ಹಲಗೆ, ಚಕ್ಕಡಿಯ ಗಾಲಿ, ಜ್ಯಾಕಿನ ತಿರುಪು ಇವೆಲ್ಲವೂ ಯಂತ್ರಗಳೇ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇವುಗಳಿಗೆ ಸರಳ ಯಂತ್ರಗಳೆಂದು ಹೆಸರು. ಮಕ್ಕಳು ಆರು ಹೆಸರುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ಅದೇ ಮಕ್ಕಳ ಮನೆಯಲ್ಲಿ ಚಕ್ಕಡಿಯ ಹೊರೆ ತಪ್ಪಾಗಿ ಬಿದ್ದು ಎತ್ತಿನ ಹೆಗಲು ಹುಣ್ಣಾಗಿರುತ್ತದೆ. ಪುಸ್ತಕದ ಪಾಠಕ್ಕೂ ಹೊಲದ ಕೆಲಸಕ್ಕೂ ನಡುವೆ ಒಂದು ಬೇಲಿ ಬಿದ್ದಿದೆ. ಆ ಬೇಲಿಯನ್ನು ಸ್ವಲ್ಪ ಸರಿಸುವ ಸಲುವಾಗಿ ಈ ಲೇಖನ.

ಬೇಡಗ, ಆರಗ, ನರವಾಡ, ಮ್ಹೈಸಾಳ ಈ ಸೀಮೆಯಲ್ಲಿ ಕಬ್ಬು, ದ್ರಾಕ್ಷಿ, ಎಲೆತೋಟಗಳ ಒಕ್ಕಲುತನ ನಡೆದಿದೆ. ಭಾರ ಎತ್ತುವದು, ಎಳೆಯುವದು, ತಿರುಗಿಸುವದು ಇಲ್ಲಿ ದಿನನಿತ್ಯದ ಕೆಲಸ. ಯಂತ್ರದ ಲೆಕ್ಕ ಗೊತ್ತಿಲ್ಲದಿದ್ದರೆ ದಂಡ ತೆರುವವರು ಮೂವರು. ಒಂದು, ಮೂಕ ಎತ್ತು. ಎರಡು, ಕೂಲಿಯಾಳಿನ ಬೆನ್ನು. ಮೂರು, ರೈತನ ಕಿಸೆ. ಆದುದರಿಂದ ಲೆಕ್ಕವನ್ನು ಮೊದಲಿನಿಂದ ನೋಡೋಣ.

ಒಂದೇ ನಿಯಮ

ಎಲ್ಲ ಯಂತ್ರಗಳಿಗೂ ನಿಯಮ ಒಂದೇ. ಭಾರವನ್ನು ಎಷ್ಟು ಎತ್ತರ ಎತ್ತಿದೆವೋ ಅದನ್ನು ಗುಣಿಸಿದರೆ ನಾವು ಮಾಡಿದ ಕೆಲಸ ಸಿಗುತ್ತದೆ. ಒಂದು ಕಿಲೋ ಭಾರವನ್ನು ಒಂದು ಮೀಟರು ಎತ್ತಿದ ಕೆಲಸಕ್ಕೆ ಪುಸ್ತಕದಲ್ಲಿ ಕಿಲೋಗ್ರಾಂ-ಮೀಟರ್ ಎಂದು ಹೆಸರು. ನಾವು ಇಲ್ಲಿ ಅದನ್ನು ಚಿಕ್ಕದಾಗಿ ಒಂದು ‘ಪಾಲು’ ಎನ್ನೋಣ.

180 ಕಿಲೋ ತೂಕದ ಡಿಜೆಲ್ ಪೀಪಾಯಿಯನ್ನು ಒಂದು ಮೀಟರು ಎತ್ತರದ ಗಾಡಿಗೆ ಏರಿಸಬೇಕಾಗಿದೆ ಎನ್ನಿ. ಕೆಲಸ 180 ಪಾಲು. ನೇರವಾಗಿ ಎತ್ತುವದಾದರೆ 180 ಕಿಲೋ ಬಲ ಬೇಕು. ಇಬ್ಬರಿಂದ ಆಗುವ ಮಾತಲ್ಲ. ನಾಲ್ಕು ಮೀಟರು ಉದ್ದದ ಗಟ್ಟಿ ಹಲಗೆ ಆನಿಸಿ ಉರುಳಿಸಿದರೆ 45 ಕಿಲೋ ಬಲ ಸಾಕು. ಆದರೆ ಆ 45 ಕಿಲೋ ಬಲವನ್ನು ನಾಲ್ಕು ಮೀಟರು ದೂರ ಹಾಕಬೇಕು. 45 ಗುಣಿಸು 4, ಮತ್ತೆ ಅದೇ 180 ಪಾಲು! ಬಲದಲ್ಲಿ ನಾಲ್ಕು ಪಟ್ಟು ಉಳಿಯಿತು, ದಾರಿಯಲ್ಲಿ ನಾಲ್ಕು ಪಟ್ಟು ಹೋಯಿತು. ಜಮಾ ಎಷ್ಟೋ ಖರ್ಚು ಅಷ್ಟೇ. ಕೆಲಸ ಒಂದು ಪಾಲೂ ಕಡಿಮೆಯಾಗಲಿಲ್ಲ. ಒಮ್ಮೆಲೇ ಮಾಡಲಾಗದ್ದನ್ನು ಸಾವಕಾಶ ಮಾಡಲು ಬಂತು. ಯಂತ್ರದ ಉಪಕಾರ ಇಷ್ಟು. ಇದು ಸಣ್ಣ ಉಪಕಾರವೇನೂ ಅಲ್ಲ.

ಮನುಷ್ಯನು ಈ ಯಂತ್ರಗಳನ್ನು ಸಾವಿರಾರು ವರ್ಷಗಳಿಂದ ಬಳಸುತ್ತ ಬಂದಿದ್ದಾನೆ. ಸನ್ನೆಯ ನಿಯಮವನ್ನು ಗಣಿತದಿಂದ ಸಾಧಿಸಿ ತೋರಿಸಿದವನು ಕ್ರಿಸ್ತಪೂರ್ವ 3ನೆಯ ಶತಮಾನದ ಗ್ರೀಕ್ ಪಂಡಿತ ಆರ್ಕಿಮಿಡೀಸ್. ಯಂತ್ರದಿಂದ ಪ್ರಕೃತಿಯನ್ನು ಮೋಸಗೊಳಿಸಲು ಬರುವದಿಲ್ಲ, ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ, ಹೊತ್ತಿನಲ್ಲಿ ತೆರಲೇಬೇಕು ಎಂಬುದನ್ನು ಸುಮಾರು 1600ರ ಹೊತ್ತಿಗೆ ಇಟಲಿಯ ಗೆಲಿಲಿಯೋ ಬಿಡಿಸಿ ಹೇಳಿದನು. ಈ ಮಾತನ್ನು ಗಂಟು ಹಾಕಿಕೊಂಡರೆ ಮುಂದಿನದೆಲ್ಲ ಸುಲಭ.

ಹಾರೆಯ ಲೆಕ್ಕ

ಹಾರೆ ಅಂದರೆ ಸನ್ನೆಗೋಲು. ಹೊಲದ ಬಂಡೆಗಲ್ಲನ್ನು ಮೀಟುವಾಗ ಹಾರೆಯ ಕೆಳಗೆ ಒಂದು ಚಿಕ್ಕ ಕಲ್ಲನ್ನು ಆನಿಕೆಗೆ ಇಡುತ್ತೇವೆ. ಹಾರೆ 150 ಸೆಂಟಿಮೀಟರು ಉದ್ದ, ಆನಿಕೆಯ ಕಲ್ಲು ಮೊನೆಯಿಂದ 25 ಸೆಂಟಿಮೀಟರು ದೂರ ಎಂದು ಹಿಡಿಯೋಣ. ನಮ್ಮ ಕೈಯ ಕಡೆ ಉಳಿದದ್ದು 125 ಸೆಂಟಿಮೀಟರು, ಅಂದರೆ ಐದು ಪಟ್ಟು. ಮೊನೆಯ ಮೇಲೆ 200 ಕಿಲೋ ಭಾರ ಬಿದ್ದಿದ್ದರೆ ನಾವು 40 ಕಿಲೋ ಒತ್ತಿದರೆ ಕಲ್ಲು ಏಳುತ್ತದೆ. ಕಲ್ಲು 5 ಸೆಂಟಿಮೀಟರು ಏಳಬೇಕಾದರೆ ನಮ್ಮ ಕೈ 25 ಸೆಂಟಿಮೀಟರು ಇಳಿಯಬೇಕು.

ಈಗ ಆನಿಕೆಯನ್ನು ಮೊನೆಯ ಕಡೆಗೆ ಸರಿಸಿ 15 ಸೆಂಟಿಮೀಟರಿಗೆ ತನ್ನಿ. ಕೈಯ ಕಡೆ 135 ಆಯಿತು, ಒಂಬತ್ತು ಪಟ್ಟು. ಅದೇ ಕಲ್ಲಿಗೆ ಸುಮಾರು 22 ಕಿಲೋ ಒತ್ತಿದರೆ ಸಾಕು. ಹತ್ತು ಸೆಂಟಿಮೀಟರು ಸರಿಸಿದ ಮಾತ್ರಕ್ಕೆ ಒತ್ತಡ ಹೆಚ್ಚು ಕಡಿಮೆ ಅರ್ಧಕ್ಕಿಳಿಯಿತು. ಅನುಭವಿ ಒಕ್ಕಲಿಗನು ಈ ಲೆಕ್ಕ ಮಾಡುವದಿಲ್ಲ, ಆದರೆ ಅವನ ಕೈಗೆ ಗೊತ್ತಿದೆ. ಹೊಸ ಹುಡುಗರು ಆನಿಕೆಯ ಕಲ್ಲನ್ನು ಎಲ್ಲೋ ಇಟ್ಟು ಮೈಬಲವನ್ನೆಲ್ಲ ಹಾಕುತ್ತಾರೆ. ಹಾರೆ ಜಾರಿ ಹಲ್ಲಿಗೆ ಬಡಿಯುತ್ತದೆ. ಕಲ್ಲು ಏಳದಿದ್ದರೆ ಮೊದಲು ಆನಿಕೆಯನ್ನು ಸರಿಸಬೇಕು. ಆಮೇಲೆ ಆಳನ್ನು ಕೂಗಬೇಕು.

ಚಕ್ಕಡಿಯೂ ಒಂದು ಸನ್ನೆ

ಎರಡು ಗಾಲಿಯ ಚಕ್ಕಡಿಯನ್ನು ಸನ್ನೆಯೆಂದು ನೋಡುವವರು ಕಡಿಮೆ. ಅಚ್ಚು ಅದರ ಆನಿಕೆ. ಒಂದು ಕಡೆ ಹೊರೆ, ಇನ್ನೊಂದು ಕಡೆ ನೊಗ. ಹೊರೆಯ ನಡುಭಾಗ ಸರಿಯಾಗಿ ಅಚ್ಚಿನ ಮೇಲೆ ಇದ್ದರೆ ನೊಗದ ಮೇಲೆ ಹೊರೆಯ ಭಾರ ಬೀಳುವದಿಲ್ಲ. ಎತ್ತು ಕೇವಲ ಎಳೆಯುತ್ತದೆ. ಹೊರೆ ಮುಂದೆ ಸರಿದರೆ ಎತ್ತು ಎಳೆಯುವದರ ಸಂಗಡ ಹೊರಲೂ ಬೇಕಾಗುತ್ತದೆ.

ಎಷ್ಟು ಹೊರಬೇಕು? ಗಾಡಿಯಲ್ಲಿ 1500 ಕಿಲೋ ಕಬ್ಬು ಇದೆ, ಅಚ್ಚಿನಿಂದ ನೊಗಕ್ಕೆ 3 ಮೀಟರು ದೂರ ಎಂದು ಹಿಡಿಯಿರಿ. ಹೊರೆಯ ನಡುಭಾಗ ಅಚ್ಚಿಗಿಂತ ಒಂದು ಗೇಣಿಗೂ ಕಡಿಮೆ, 15 ಸೆಂಟಿಮೀಟರು ಮುಂದೆ ಇದ್ದರೆ ನೊಗದ ಮೇಲೆ 75 ಕಿಲೋ ಕೂಡುತ್ತದೆ. 30 ಸೆಂಟಿಮೀಟರು ಮುಂದೆ ಇದ್ದರೆ 150 ಕಿಲೋ. ಅಂದರೆ ಎರಡು ಎತ್ತುಗಳ ಹೆಗಲ ಮೇಲೆ ಇಬ್ಬರು ಬೆಳೆದ ಗಂಡಸರು ಕುಳಿತು ಕಾರಖಾನೆಯ ತನಕ ಹೋದಂತೆ! ಹೊರೆ ಹಿಂದೆ ಸರಿದರೆ ಇದಕ್ಕೆ ವಿರುದ್ಧ. ನೊಗ ಮೇಲೆದ್ದು ಕೊರಳಿನ ಪಟ್ಟಿ ಎತ್ತಿನ ಗಂಟಲನ್ನು ಬಿಗಿಯುತ್ತದೆ.

ಇನ್ನೊಂದು ಸಂಗತಿ ಇದೆ. ಹೊರೆಯನ್ನು ಎತ್ತರವಾಗಿ ಒಟ್ಟಿದಷ್ಟೂ ಇಳಿಜಾರಿನಲ್ಲಿ ಅದು ಮುಂದಕ್ಕೆ ವಾಲುತ್ತದೆ. ಹೊರೆಯ ನಡುಭಾಗ ಅಚ್ಚಿಗಿಂತ ಒಂದು ಮೀಟರು ಮೇಲಿದ್ದು, ದಾರಿ ಹತ್ತು ಫೂಟಿಗೆ ಒಂದು ಫೂಟು ಇಳಿಯುತ್ತಿದ್ದರೆ ಭಾರ ಸುಮಾರು 10 ಸೆಂಟಿಮೀಟರು ಮುಂದೆ ಬರುತ್ತದೆ. ಮೇಲಿನ ಲೆಕ್ಕದಂತೆ ನೊಗದ ಮೇಲೆ ಇನ್ನೂ 50 ಕಿಲೋ ಕೂಡಿತು. ಇದರ ಮೇಲೆ ಗಾಡಿ ಹಿಂದಿನಿಂದ ನೂಕುವದು ಬೇರೆ. ಹಳ್ಳದ ಇಳುವಿನಲ್ಲಿ ಎತ್ತು ಮುಗ್ಗರಿಸುವದಕ್ಕೆ ಎತ್ತಿನ ಸೋಮಾರಿತನ ಕಾರಣವಲ್ಲ. ಹೇರಿದವನ ಲೆಕ್ಕ ಕಾರಣ. ಅದಕ್ಕೆ ಬಾರಕೋಲು ಮದ್ದಲ್ಲ.

ಪರೀಕ್ಷೆ ಸುಲಭ. ಹೊರೆ ಹೇರಿದ ಮೇಲೆ, ಎತ್ತು ಹೂಡುವ ಮೊದಲು, ಸಮ ನೆಲದ ಮೇಲೆ ಒಬ್ಬ ಆಳು ನೊಗವನ್ನು ಹಿಡಿದು ನೋಡಬೇಕು. ಅವನು ಹೆಚ್ಚು ಕಷ್ಟವಿಲ್ಲದೆ ಎತ್ತಿ ಹಿಡಿಯುವಂತಿರಬೇಕು. ಎತ್ತಲು ಆಗದಿದ್ದರೆ ಹೊರೆ ಮುಂದಿದೆ. ನೊಗ ತಾನಾಗಿ ಏಳುತ್ತಿದ್ದರೆ ಹೊರೆ ಹಿಂದಿದೆ. ನಾಲ್ಕು ಸಿವುಡು ಕಬ್ಬನ್ನು ಆಚೀಚೆ ಸರಿಸಿದರೆ ಸರಿಹೋಗುತ್ತದೆ. ಇದಕ್ಕೆ ದುಡ್ಡು ಬೇಡ, ಐದು ನಿಮಿಷ ಬೇಕು.

ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಹುಡುಗರು ಹೆಮ್ಮೆಪಡುವ ಕೆಲಸ ಮಾಡಿದ್ದಾರೆ. ವಾಳವಾ ತಾಲೂಕಿನ ರಾಜಾರಾಮಬಾಪು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕಬ್ಬಿನ ಗಾಡಿಯ ಮುಂಭಾಗಕ್ಕೆ, ಎರಡೂ ಎತ್ತುಗಳ ನಡುವೆ ನೆಲ ಮುಟ್ಟುವ ಮೂರನೆಯ ಗಾಲಿಯೊಂದನ್ನು ಜೋಡಿಸಿದರು. ನೊಗಕ್ಕೆ ಬೀಳುವ ಭಾರವನ್ನು ಆ ಗಾಲಿ ಹೊರುತ್ತದೆ. ಅದಕ್ಕೆ ‘ಸಾರಥಿ’ ಎಂದು ಹೆಸರಿಟ್ಟರು. 2022ರಲ್ಲಿ ಅದರ ಚಿತ್ರ ದೇಶದ ತುಂಬ ಹರಡಿತು. ಅವರು ಬಳಸಿದ ವಿಜ್ಞಾನ ಮೇಲೆ ಹೇಳಿದ ಸನ್ನೆಯ ಪಾಠವೇ ಹೊರತು ಬೇರೆಯಲ್ಲ.

ಹಲಗೆ ಏರುವವರ ಲೆಕ್ಕ

ಕಬ್ಬು ಕಡಿಯುವ ಹಂಗಾಮಿನಲ್ಲಿ ಬೀಡ ಮೊದಲಾದ ಕಡೆಗಳಿಂದ ಬರುವ ಗಂಡ ಹೆಂಡಿರ ಜೋಡಿಗಳನ್ನು ನಾವೆಲ್ಲ ನೋಡುತ್ತೇವೆ. ಕಡಿದ ಕಬ್ಬನ್ನು ತಲೆಯ ಮೇಲೆ ಹೊತ್ತು, ಲಾರಿಗೆ ಆನಿಸಿದ ಹಲಗೆಯ ಮೇಲೆ ಹತ್ತಿ ಒಟ್ಟುತ್ತಾರೆ. ಇಲ್ಲಿ ಲೆಕ್ಕ ಪೀಪಾಯಿಯ ಲೆಕ್ಕಕ್ಕಿಂತ ಬೇರೆಯಾಗುತ್ತದೆ. ಏಕೆಂದರೆ ಇಲ್ಲಿ ಹೊರೆಯ ಸಂಗಡ ಮನುಷ್ಯನೂ ಮೇಲೆ ಹೋಗಬೇಕು.

ಸಿವುಡು 30 ಕಿಲೋ, ಹೊತ್ತವಳು 50 ಕಿಲೋ, ಎತ್ತರ ಎರಡೂವರೆ ಮೀಟರು ಎಂದು ಹಿಡಿಯಿರಿ. ಕಬ್ಬಿನ ಪಾಲು 75. ಆಕೆ ತನ್ನ ಮೈಯನ್ನೇ ಏರಿಸುವ ಪಾಲು 125. ಒಟ್ಟು 200 ಪಾಲಿನಲ್ಲಿ ಕಬ್ಬಿಗೆ ಹೋದದ್ದು ಅರ್ಧಕ್ಕಿಂತ ಕಡಿಮೆ! ಕೂಲಿ ಸಿಗುವದು ಕಬ್ಬಿನ ತೂಕಕ್ಕೆ. ಮಿಕ್ಕ 125 ಪಾಲು ಯಾರ ವಹಿಯಲ್ಲಿಯೂ ಬರೆಯಲ್ಪಡುವದಿಲ್ಲ, ಆಕೆಯ ಮೊಣಕಾಲಿನಲ್ಲಿ ಬರೆಯಲ್ಪಡುತ್ತದೆ. ಹಂಗಾಮು ಮುಗಿಯುವ ತನಕ ದಿನಾಲು ಎಷ್ಟು ಸಲ ಹತ್ತಿ ಇಳಿಯಬೇಕೆಂಬುದನ್ನು ಓದುಗರೇ ಎಣಿಸಿ ನೋಡಲಿ.

ಇದಕ್ಕೆ ತೋಟದ ಒಡೆಯನು ಮಾಡಬಹುದಾದದ್ದು ಉಂಟು. ಹಲಗೆ ಗಿಡ್ಡವಿದ್ದಷ್ಟು ಏರು ಕಡಿದಾಗುತ್ತದೆ. ನಾಲ್ಕು ಮೀಟರಿನ ಬದಲು ಆರು ಮೀಟರಿನದನ್ನು ಆನಿಸಿದರೆ ಒಟ್ಟು ಕೆಲಸ ಉಳಿಯುವದಿಲ್ಲ, ಆದರೆ ಒಂದೊಂದು ಹೆಜ್ಜೆಗೆ ಬೀಳುವ ಪಾಲು ಮೂರರಲ್ಲಿ ಒಂದು ಭಾಗ ಕಡಿಮೆಯಾಗುತ್ತದೆ. ಕಾಲು ಜಾರುವದು ತಪ್ಪುತ್ತದೆ. ಹಲಗೆ ಉದ್ದವಾದಷ್ಟು ದಪ್ಪವೂ ಇರಬೇಕು, ಇಲ್ಲದಿದ್ದರೆ ನಡುವೆ ಬಾಗುತ್ತದೆ. ಅಡ್ಡ ಪಟ್ಟಿಗಳನ್ನು ಹೊಡೆಯಬೇಕು, ಮೇಲಿನ ತುದಿಯನ್ನು ಲಾರಿಗೆ ಹಗ್ಗದಿಂದ ಬಿಗಿಯಬೇಕು. ಸಾಧ್ಯವಿದ್ದಲ್ಲಿ ಲಾರಿಯನ್ನು ತಗ್ಗಿನಲ್ಲಿ ನಿಲ್ಲಿಸಿ ದಿಬ್ಬದ ಮೇಲಿನಿಂದ ಹಲಗೆ ಹಾಕಬೇಕು. ಎತ್ತರ ಒಂದು ಮೀಟರು ಕಡಿಮೆಯಾದರೆ ಪ್ರತಿ ಸಿವುಡಿಗೆ 80 ಪಾಲು ಉಳಿಯಿತು. ಇದು ನಿಜವಾದ ಉಳಿತಾಯ. ಯಾಕಂದರೆ ಇಲ್ಲಿ ಎತ್ತರವೇ ಇಳಿದಿದೆ.

ಕಪಿಲೆ ಕಲಿಸಿದ ಪಾಠ

ಪಂಪು ಬರುವ ಮೊದಲು ನಮ್ಮ ಹಿರಿಯರು ಬಾವಿಯ ನೀರನ್ನು ಕಪಿಲೆಯಿಂದ ಎತ್ತುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ಮೋಟ ಎಂದು ಹೆಸರು. ಚರ್ಮದ ದೊಡ್ಡ ಚೀಲ, ಅದಕ್ಕೊಂದು ಸೊಂಡಿಲು, ಮೇಲೆ ರಾಟೆ, ಕೆಳಗೆ ಸಣ್ಣ ಹಗ್ಗಕ್ಕೊಂದು ಉರುಳೆ, ಎದುರಿಗೆ ಎತ್ತು ಇಳಿಯುವ ಜಾರು. ಇಂದು ಅದು ಕಾಣಸಿಗುವದಿಲ್ಲವಾದರೂ ಹಳೆಯ ಬಾವಿಗಳ ಬಳಿ ಆ ಜಾರಿನ ಗುರುತು ಅಲ್ಲಲ್ಲಿ ಉಳಿದಿದೆ. ಆ ಜಾರು ಯಾತಕ್ಕೆ ಇತ್ತು?

ಮೇಲೆ ಕಟ್ಟಿದ ಒಂದೇ ರಾಟೆ ಬಲವನ್ನು ಹೆಚ್ಚಿಸುವದಿಲ್ಲ. ಮೇಲಕ್ಕೆ ಎಳೆಯಬೇಕಾದದ್ದನ್ನು ಅಡ್ಡಕ್ಕೆ ಎಳೆಯುವಂತೆ ದಿಕ್ಕು ತಿರುಗಿಸಿ ಕೊಡುತ್ತದೆ, ಅಷ್ಟೇ. ಚೀಲದಲ್ಲಿ 150 ಕಿಲೋ ನೀರಿದ್ದರೆ ಹಗ್ಗದಲ್ಲಿ 150 ಕಿಲೋ ಸೆಳೆತ. ಜೋಡೆತ್ತು ದಿನವಿಡೀ ಎಳೆಯಬಹುದಾದ ಬಲ ಅವುಗಳ ಮೈತೂಕದ ಹತ್ತನೆಯ ಒಂದು ಭಾಗದ ಆಸುಪಾಸು. ಎರಡೂ ಕೂಡಿ 700 ಕಿಲೋ ತೂಗಿದರೆ ಸುಮಾರು 70 ಕಿಲೋ. ಸಮ ನೆಲದಲ್ಲಿ 150 ಎಳೆಸಿದರೆ ಬೇಗನೆ ಸೋತು ನಿಲ್ಲುತ್ತವೆ.

ಹಿರಿಯರು ಐದಕ್ಕೆ ಒಂದರಂತೆ ಇಳಿಜಾರು ಮಾಡಿದರೆಂದು ಹಿಡಿಯೋಣ. 10 ಮೀಟರು ಆಳದ ನೀರು ಎತ್ತಲು ಎತ್ತು 10 ಮೀಟರು ನಡೆಯುತ್ತದೆ. ಅಷ್ಟರಲ್ಲಿ 2 ಮೀಟರು ಕೆಳಗೆ ಇಳಿದಿರುತ್ತದೆ. ನೀರಿನ ಕೆಲಸ 1500 ಪಾಲು. ಎತ್ತಿನ ಮೈಭಾರ ಇಳಿದು ಕೊಟ್ಟದ್ದು 700 ಗುಣಿಸು 2, ಅಂದರೆ 1400 ಪಾಲು. ಕಾಲಿನಿಂದ ಒದ್ದು ದುಡಿಯಬೇಕಾದದ್ದು 100 ಪಾಲು, ಮತ್ತು ರಾಟೆಯ ತಿಕ್ಕಾಟದ ಪಾಲು. ನೋಡುವವನಿಗೆ ಇದು ಪುಕ್ಕಟೆ ನೀರು ಎನಿಸೀತು. ಆದರೆ ಚೀಲ ಬರಿದಾದ ಮೇಲೆ ಎತ್ತು ಹಿಂದಕ್ಕೆ ಜಾರು ಏರಬೇಕಲ್ಲವೇ? ಆಗ ತನ್ನ 700 ಕಿಲೋ ಮೈಯನ್ನು 2 ಮೀಟರು ಎತ್ತಿ 1400 ಪಾಲನ್ನು ತೀರಿಸುತ್ತದೆ. 100 ಮತ್ತು 1400 ಕೂಡಿದರೆ ಪುನಃ 1500. ಜಾರು ಸಾಲ ಕೊಟ್ಟಿತು, ದಾನ ಕೊಡಲಿಲ್ಲ. ಹಗ್ಗದ ಮೇಲೆ ಕುಳಿತು ಇಳಿಯುತ್ತಿದ್ದ ಆಳು ಕೂಡ ತನ್ನ ಮೈಭಾರವನ್ನು ಹೀಗೆಯೇ ಸಾಲ ಕೊಟ್ಟು, ನಡೆದು ಏರಿ ತೀರಿಸುತ್ತಿದ್ದನು.

ಹಾಗಾದರೆ ಜಾರಿನಿಂದ ಲಾಭವೇನು? ಒಮ್ಮೆಲೇ ಬೀಳುವ ದುಡಿಮೆಯನ್ನು ಇಳಿಯುವಾಗ ಸ್ವಲ್ಪ, ಏರುವಾಗ ಹೆಚ್ಚು ಎಂದು ಹಂಚಿಕೊಟ್ಟಿತು. ಹೋಗುವ ಹೊತ್ತೂ ಬರುವ ಹೊತ್ತೂ ಎರಡೂ ಕೆಲಸಕ್ಕೆ ಬಂದವು. ಪುಸ್ತಕ ಓದದ ಹಿರಿಯರು ಇಂಥ ಜಾಣ ವ್ಯವಸ್ಥೆಯನ್ನು ಕಟ್ಟಿದ್ದರು.

ರಾಟೆಯಿಂದ ಬಲವನ್ನೂ ಉಳಿಸಬೇಕಾದರೆ ಅದನ್ನು ಭಾರಕ್ಕೇ ಕಟ್ಟಬೇಕು. ಬಾವಿಯಿಂದ 120 ಕಿಲೋ ಪಂಪು ತೆಗೆಯುವಾಗ ಹಗ್ಗದ ಒಂದು ತುದಿಯನ್ನು ಮೇಲಿನ ತೊಲೆಗೆ ಕಟ್ಟಿ, ಪಂಪಿಗೆ ಕಟ್ಟಿದ ರಾಟೆಯಲ್ಲಿ ಹಾಯಿಸಿ, ಇನ್ನೊಂದು ತುದಿಯನ್ನು ಎಳೆದರೆ 60 ಕಿಲೋ ಬಲ ಸಾಕು. ಅರ್ಧ ಭಾರವನ್ನು ತೊಲೆ ಹಿಡಿದಿದೆ. ಆದರೆ ಪಂಪು 5 ಮೀಟರು ಏಳಲು 10 ಮೀಟರು ಹಗ್ಗ ಎಳೆಯಬೇಕು. ಹಗ್ಗ ಗಟ್ಟಿಯಿದೆಯೋ ಇಲ್ಲವೋ ನೋಡಿಕೊಳ್ಳಿ. ಎತ್ತುವಾಗ ಬಾವಿಯೊಳಗೆ, ಭಾರದ ಕೆಳಗೆ ಯಾರೂ ನಿಲ್ಲಬಾರದು.

ಬೆಣೆ, ನೇಗಿಲು ಮತ್ತು ಒಬ್ಬ ಮಾಸ್ತರು

ಬೆಣೆಯೆಂದರೆ ಚಲಿಸುವ ಹಲಗೆ. ಹಲಗೆಯ ಮೇಲೆ ಭಾರ ಏರುತ್ತದೆ. ಬೆಣೆಯಲ್ಲಿ ಹಲಗೆಯೇ ಭಾರದ ಕೆಳಗೆ ನುಗ್ಗುತ್ತದೆ. ಕೊಡಲಿ, ಕುಡುಗೋಲು, ಕುಂಟೆಯ ಕುಡ, ನೇಗಿಲಿನ ಮೊನೆ ಎಲ್ಲವೂ ಬೆಣೆಯ ಜಾತಿ. ತೆಳುವಾಗಿ ಉದ್ದವಾಗಿ ಇದ್ದಷ್ಟು ಬಲ ಕಡಿಮೆ ಬೇಕು. ಮೊನೆ ಮೊಂಡಾದ ನೇಗಿಲನ್ನು ಎಳೆಸುವದೆಂದರೆ ಎತ್ತಿಗೆ ಗಿಡ್ಡ ಹಲಗೆ ಹತ್ತಿಸಿದಂತೆ. ಟ್ರ್ಯಾಕ್ಟರಿಗೆ ಕಟ್ಟಿದರೂ ಲೆಕ್ಕ ಅದೇ. ಹೆಚ್ಚಿನ ಪಾಲನ್ನು ಡಿಜೆಲ್ ತೆರುತ್ತದೆ. ಮೊನೆ ತಟ್ಟಿಸಲು ಕಮ್ಮಾರನಿಗೆ ಕೊಡುವ ದುಡ್ಡು ಹೀಗೆ ಮರಳಿ ಬರುತ್ತದೆ.

ಕಬ್ಬಿಣದ ನೇಗಿಲಿನ ಇತಿಹಾಸ ನಮ್ಮ ಸೀಮೆಗೆ ಹತ್ತಿರದ್ದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮಾಸ್ತರರಾಗಿದ್ದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ಅಂಜಿಕೆಯಿಂದ ಮೊದಮೊದಲು ರೈತರು ಅದನ್ನು ಕೊಳ್ಳಲಿಲ್ಲ. 1910ರಲ್ಲಿ ಔಂಧ ಸಂಸ್ಥಾನದ ಅರಸರು ಕೊಟ್ಟ ಕುಂಡಲದ ಬಳಿಯ ಬರಡು ನೆಲದಲ್ಲಿ ಕಾರಖಾನೆಯೂ ಊರೂ ಎದ್ದವು. ಅದೇ ಇಂದು ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ. ಮಿರಜದಿಂದ ಪುಣೆಯ ರೈಲು ಹತ್ತಿದರೆ ದಾರಿಯಲ್ಲಿ ಸಿಗುತ್ತದೆ.

ಕಟ್ಟಿಗೆಯ ನೇಗಿಲು ಮಣ್ಣನ್ನು ಸೀಳುತ್ತದೆ. ಕಬ್ಬಿಣದ ನೇಗಿಲಿಗೆ ಬೆಣೆಯ ಹಿಂದೆ ತಿರುಚಿದ ರೆಕ್ಕೆಯಿದೆ. ಅದು ಸೀಳಿದ ಮಣ್ಣನ್ನು ಎತ್ತಿ ಮಗುಚುತ್ತದೆ. ಮಗುಚುವದು ಹೆಚ್ಚಿನ ಕೆಲಸ, ಆದುದರಿಂದ ಎಳೆತವೂ ಹೆಚ್ಚು. ನೇಗಿಲು ಭಾರವೆಂದು ದೂರುವವರು ಮಾಡಿದ ಕೆಲಸವನ್ನೂ ಎಣಿಸಬೇಕು.

ಮೇವು ಕತ್ತರಿಸುವ ಯಂತ್ರದ ಬಗ್ಗೆ ಒಂದು ಎಚ್ಚರಿಕೆಯ ಮಾತು. ಹಿಡಿಕೆ ಅಚ್ಚಿನಿಂದ 50 ಸೆಂಟಿಮೀಟರು, ಕತ್ತಿ ಕಣಿಕೆಯನ್ನು ಕಡಿಯುವದು 25 ಸೆಂಟಿಮೀಟರಿನಲ್ಲಿ ಇದ್ದರೆ, ನಾವು 15 ಕಿಲೋ ಒತ್ತಿದಾಗ ಕತ್ತಿಯಲ್ಲಿ 30 ಕಿಲೋ. ಅಷ್ಟೂ ಬಲ ಕೂದಲೆಳೆಯಂಥ ಅಲಗಿನ ಮೇಲೆ. ಸಾಲದ್ದಕ್ಕೆ ಆ ಭಾರಿ ಗಾಲಿ ನಾವು ಹಾಕಿದ ದುಡಿಮೆಯನ್ನು ಹಗೇವಿನಂತೆ ಕೂಡಿಟ್ಟುಕೊಂಡಿರುತ್ತದೆ; ಹಿಡಿಕೆ ಬಿಟ್ಟರೂ ತಿರುಗುತ್ತಲೇ ಇರುತ್ತದೆ. ಕಣಿಕೆ ಯಾವದು, ಮಗುವಿನ ಬೆರಳು ಯಾವದು ಎಂಬುದು ಕತ್ತಿಗೆ ತಿಳಿಯದು. ಕೆಲಸ ಮುಗಿದೊಡನೆ ಗಾಲಿಗೆ ಸರಪಳಿ ಹಾಕಿ ಬೀಗ ಜಡಿಯಿರಿ. ಮಕ್ಕಳ ಕೈಗೆ ಆ ಕೆಲಸ ಕೊಡಬೇಡಿರಿ.

ತಿರುಪು ಮತ್ತು ತಿಕ್ಕಾಟ

ತಿರುಪು ಅಂದರೆ ಕಂಬಕ್ಕೆ ಸುತ್ತಿದ ಹಲಗೆ. ಜ್ಯಾಕಿನ ಹಿಡಿಕೆ 30 ಸೆಂಟಿಮೀಟರು ಇದ್ದರೆ ಒಂದು ಸುತ್ತಿಗೆ ಕೈ ಸುಮಾರು 188 ಸೆಂಟಿಮೀಟರು ತಿರುಗುತ್ತದೆ. ಭಾರ ಏಳುವದು 6 ಮಿಲಿಮೀಟರು. ಬರೇ ಲೆಕ್ಕದಲ್ಲಿ 300 ಪಟ್ಟಿಗೂ ಹೆಚ್ಚು ಲಾಭ. ಆದರೆ ತಿಕ್ಕಾಟವು ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಇದು ನಷ್ಟವೆಂದು ಮರುಗಬೇಕಾಗಿಲ್ಲ. ಆ ತಿಕ್ಕಾಟವೇ ಕೈಬಿಟ್ಟಾಗ ಟ್ರ್ಯಾಕ್ಟರು ಕೆಳಗಿಳಿಯದಂತೆ ಹಿಡಿದಿದೆ. ಗಾಡಿಯ ಅಚ್ಚಿನಲ್ಲಿ, ರಾಟೆಯಲ್ಲಿ ತಿಕ್ಕಾಟ ಶತ್ರು, ಅಲ್ಲಿ ಎಣ್ಣೆ ಬೇಕು. ಬ್ರೇಕಿನಲ್ಲಿ ತಿಕ್ಕಾಟ ಮಿತ್ರ, ಅಲ್ಲಿ ಎಣ್ಣೆ ತಾಗಬಾರದು.

ಪುಕ್ಕಟೆ ಯಂತ್ರ ಮಾರುವವರು

ಇನ್ನು ರೈತನ ಕಿಸೆಯ ಮಾತು. ಸಣ್ಣ ಮೋಟಾರಿಗೆ ಭಾರಿ ಗಾಲಿ ಕಟ್ಟಿ, ಪಟ್ಟಿ ಹಾಕಿ, ಒಂದು ಅಶ್ವಶಕ್ತಿಯಿಂದ ಐದು ಅಶ್ವಶಕ್ತಿ ತೆಗೆಯುತ್ತೇವೆ, ಕರೆಂಟು ತಾನೇ ಹುಟ್ಟುತ್ತದೆ ಎಂದು ಹೇಳುವವರು ಜಾತ್ರೆಗಳಲ್ಲಿ ಇದ್ದಾರೆ. ಈಗ ಮೊಬೈಲಿನ ಚಿತ್ರಗಳಲ್ಲಿ ಇನ್ನೂ ಹೆಚ್ಚಾಗಿದ್ದಾರೆ. ಬಿಲ್ಲಿನ ಭಾರದಿಂದ ಬೇಸತ್ತ ರೈತನಿಗೆ ಆಸೆ ಹುಟ್ಟುವದು ಸಹಜ. ಆದರೆ ಭಾರಿ ಗಾಲಿ ಒಂದು ಹಗೇವು. ಹಗೇವಿನಲ್ಲಿ ಹಾಕಿದಷ್ಟು ಜೋಳ ತೆಗೆಯಬಹುದು. ಸ್ವಲ್ಪ ನುಸಿ ತಿಂದಿರುತ್ತದೆ. ಹಾಕಿದ್ದಕ್ಕಿಂತ ಹೆಚ್ಚು ತೆಗೆದ ಒಕ್ಕಲಿಗನನ್ನು ಯಾರಾದರೂ ಕಂಡಿದ್ದೀರಾ?

ಇಂಥವರನ್ನು ಪರೀಕ್ಷಿಸಲು ಒಂದು ಅಂಕಿ ನೆನಪಿಡಿರಿ: 76. ಒಂದು ಅಶ್ವಶಕ್ತಿಯೆಂದರೆ ಒಂದು ಸೆಕೆಂಡಿಗೆ 76 ಪಾಲು ಕೆಲಸ. ಒಂದು ಲೀಟರು ನೀರು ಒಂದು ಕಿಲೋ. ನೀರನ್ನು 20 ಮೀಟರು ಎತ್ತಬೇಕಾದರೆ 76ನ್ನು 20ರಿಂದ ಭಾಗಿಸಿ: ಸೆಕೆಂಡಿಗೆ 3.8 ಲೀಟರು. ಒಂದು ಅಶ್ವಶಕ್ತಿ ಇದಕ್ಕಿಂತ ಹೆಚ್ಚು ನೀರನ್ನು ಎತ್ತಲಾರದು. ನಿಜವಾದ ಪಂಪು, ಪೈಪುಗಳಲ್ಲಿ ತಿಕ್ಕಾಟಕ್ಕೆ ಹೋಗಿ ಸುಮಾರು ಅರ್ಧ ಕೈಗೆ ಬಂದರೂ ಸಮಾಧಾನ. 200 ಲೀಟರಿನ ಪೀಪಾಯಿಯನ್ನು ಅಷ್ಟು ಎತ್ತರದಲ್ಲಿಟ್ಟು, ಗಡಿಯಾರ ಹಿಡಿದು ತುಂಬಿಸಿ ತೋರಿಸಲು ಹೇಳಿ. ಒಂದು ಅಶ್ವಶಕ್ತಿಯ ಯಂತ್ರ 53 ಸೆಕೆಂಡಿಗಿಂತ ಮೊದಲು ತುಂಬಿಸಿತೆಂದರೆ ಎಲ್ಲಿಯೋ ಇನ್ನೊಂದು ತಂತಿ ಇದೆ, ಹುಡುಕಿರಿ. ಪರೀಕ್ಷೆಗೆ ಒಪ್ಪದವನಿಗೆ ಮುಂಗಡ ಕೊಡಬೇಡಿರಿ.

ಬಿಸಿಲಿನ ಪಂಪು ಮೋಸದ್ದಲ್ಲ, ಅಲ್ಲಿ ಸೂರ್ಯನು ಕೊಡುತ್ತಾನೆ. ಮೋಡ ಬಂದರೆ ಕಡಿಮೆ ಕೊಡುತ್ತಾನೆ. ನಮ್ಮ ಮ್ಹೈಸಾಳದ ಏತ ನೀರಾವರಿಯನ್ನೇ ನೋಡಿ. ಕೃಷ್ಣೆಯ ನೀರು ಮಿರಜ, ಕವಠೆಮಹಾಂಕಾಳ, ಜತ್ತದ ಒಣ ನೆಲಕ್ಕೆ ಹಂತ ಹಂತವಾಗಿ ಏರಿ ಹೋಗುತ್ತದೆ. ಏರಿದ ಪ್ರತಿ ಮೀಟರಿಗೂ ವಿದ್ಯುತ್ತಿನ ಲೆಕ್ಕವಿದೆ. ಬಿಲ್ಲು ಬಾಕಿ ಬಿದ್ದು ಪಂಪು ನಿಂತ ವರ್ಷಗಳೂ ಇವೆ. ಆ ನೀರು ನಮ್ಮ ಹೊಲ ಮುಟ್ಟುವ ಹೊತ್ತಿಗೆ ಬಹಳ ದುಡಿಮೆಯನ್ನು ಹೊತ್ತು ತಂದಿರುತ್ತದೆ. ಅದನ್ನು ಕಾಲುವೆಯ ಬದಿಗೆ ಹರಿಯಗೊಟ್ಟರೆ ನೀರಿನ ಸಂಗಡ ದುಡಿಮೆಯೂ ಹರಿದು ಹೋಯಿತು.

ಆದುದರಿಂದ ಯಾವ ಹೊಸ ಉಪಕರಣ ಎದುರಿಗೆ ಬಂದರೂ ಎರಡು ಪ್ರಶ್ನೆ ಕೇಳಬೇಕು. ಬಲ ಎಷ್ಟು ಪಟ್ಟು ಉಳಿಯಿತು? ಅದಕ್ಕೆ ದಾರಿ ಅಥವಾ ಹೊತ್ತು ಎಷ್ಟು ಪಟ್ಟು ಹೆಚ್ಚಿತು? ಎರಡನೆಯದಕ್ಕೆ ‘ಏನೂ ಇಲ್ಲ’ ಎಂಬ ಉತ್ತರ ಬಂದರೆ ಖರ್ಚನ್ನು ಯಾರೋ ಮುಚ್ಚಿಟ್ಟಿದ್ದಾರೆ.

ಮನೆಯಲ್ಲಿ ಮಕ್ಕಳೊಡನೆ ಮಾಡಬೇಕಾದ ಲೆಕ್ಕಗಳು

1. ಹಾರೆ 120 ಸೆಂಟಿಮೀಟರು ಉದ್ದ, ಆನಿಕೆ ಮೊನೆಯಿಂದ 20 ಸೆಂಟಿಮೀಟರು ದೂರ. ಮೊನೆಯ ಮೇಲೆ 150 ಕಿಲೋ ಭಾರವಿದ್ದರೆ ಎಷ್ಟು ಒತ್ತಬೇಕು?

2. 180 ಕಿಲೋ ಪೀಪಾಯಿಯನ್ನು ಒಂದು ಮೀಟರು ಎತ್ತರಕ್ಕೆ 6 ಮೀಟರು ಹಲಗೆಯ ಮೇಲೆ ಉರುಳಿಸಲು ಎಷ್ಟು ಬಲ ಬೇಕು? ಕೆಲಸ ಎಷ್ಟು ಪಾಲು?

3. ಗಾಡಿಯ ಹೊರೆ 1200 ಕಿಲೋ, ಅಚ್ಚಿನಿಂದ ನೊಗಕ್ಕೆ 3 ಮೀಟರು. ಹೊರೆಯ ನಡುಭಾಗ 20 ಸೆಂಟಿಮೀಟರು ಮುಂದಿದ್ದರೆ ನೊಗದ ಮೇಲೆ ಎಷ್ಟು ಭಾರ?

4. 3 ಅಶ್ವಶಕ್ತಿಯ ಪಂಪು ನೀರನ್ನು 30 ಮೀಟರು ಎತ್ತುತ್ತದೆ. ತಿಕ್ಕಾಟವೇ ಇಲ್ಲದಿದ್ದರೂ ಸೆಕೆಂಡಿಗೆ ಎಷ್ಟು ಲೀಟರಿಗಿಂತ ಹೆಚ್ಚು ಬರಲಾರದು?

ಉತ್ತರಗಳು: (1) 30 ಕಿಲೋ. (2) 30 ಕಿಲೋ, 180 ಪಾಲು. (3) 80 ಕಿಲೋ. (4) 7.6 ಲೀಟರು.

ಮೂರನೆಯ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿದ ಬಳಿಕ ಮಕ್ಕಳನ್ನು ಹೇರಿದ ಚಕ್ಕಡಿಯ ಬಳಿ ಕರೆದೊಯ್ದು, ಎತ್ತು ಹೂಡುವ ಮೊದಲು ದೊಡ್ಡವರು ನೊಗ ಎತ್ತಿ ತೋರಿಸಬೇಕು.